ಕರೆಯ ಆ ತುದಿಯ ಸಂಗಾತಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಬೇರೆ ಬೇರೆ ಊರಲ್ಲಿರುವ ಸಂಗಾತಿಗಳು ಫೋನಿನ ಮೂಲಕವೇ ಲೈಂಗಿಕವಾಗಿ ಹತ್ತಿರವಾಗಿರಲು ನೋಡುತ್ತಾರೆ. ಅವರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಮೈಮನಸ್ಸಿನ ಪ್ರಶ್ನೆಗಳಿಗೆ ಲೈಂಗಿಕ ಆರೋಗ್ಯದ ವೈದ್ಯರು, ಫೋನು–ಆ್ಯಪ್‌ಗಳ ಪ್ರಶ್ನೆಗಳಿಗೆ ಸೈಬರ್ ಸುರಕ್ಷತೆ ಬಲ್ಲವರು ಉತ್ತರಿಸಿದ್ದಾರೆ. ಕೇಳಿದವರ ಹೆಸರು ಬಿಟ್ಟಿದ್ದೇವೆ. ಇಲ್ಲಿ ಹೇಳಿರುವುದೆಲ್ಲ 18 ದಾಟಿದವರಿಗೆ, ಅದೂ ಇಬ್ಬರಿಗೂ ಒಪ್ಪಿಗೆಯಿದ್ದರೆ ಮಾತ್ರ.

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರು ಕೆಲಸದ ಮೇಲೆ ದೂರದಲ್ಲಿದ್ದಾರೆ. ಬರೀ ಮಾತಾಡುವಾಗ ಇಬ್ಬರಿಗೂ ಆಸೆಯಾಗುತ್ತದೆ. ವಿಡಿಯೊ ಹಾಕಿದ ಕೂಡಲೇ ನಾನು ಮರಗಟ್ಟಿಹೋಗುತ್ತೇನೆ. ನನ್ನ ಮುಖ, ನನ್ನ ಹೊಟ್ಟೆ ಇವೇ ಕಣ್ಣಿಗೆ ಬೀಳುತ್ತವೆ. ಅವರಿಗೆ ಬೇಸರವಾಗುತ್ತದೆ. ನನ್ನಲ್ಲೇ ಏನಾದರೂ ಕೊರತೆಯೇ?

ಉತ್ತರ: ತೊಂದರೆ ಇರುವುದು ನಿಮ್ಮಲ್ಲಲ್ಲ, ನಿಮ್ಮನ್ನೇ ನಿಮಗೆ ತೋರಿಸುವ ಪರದೆಯ ಮೂಲೆಯ ಆ ಚಿಕ್ಕ ಚೌಕದಲ್ಲಿ. ಹಾಸಿಗೆಯಲ್ಲಿ ಯಾರೂ ತಮ್ಮ ಮುಖವನ್ನು ತಾವೇ ನೋಡಿಕೊಳ್ಳುತ್ತ ಇರುವುದಿಲ್ಲ. ಸುಖಪಡಬೇಕಾದವರು ತಮ್ಮನ್ನೇ ಹೊರಗೆ ನಿಂತು ನೋಡತೊಡಗಿದರೆ ಉದ್ರೇಕ ಇಳಿಯುತ್ತದೆ ಎಂದು ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲೇ ಬರೆದರು. ಗಂಡಸರಿಗೆ ನಿಮಿರುವಿಕೆ ಉಳಿಯದೆ ಹೋಗುತ್ತದೆ, ಹೆಂಗಸರಿಗೆ ಮೈ ಬಿಗಿದು ಯೋನಿ ಒಣಗಿದಂತಾಗುತ್ತದೆ. ವಿಡಿಯೊ ಕಾಲ್ ಈ ತೊಂದರೆಯನ್ನು ಕೈಯಾರೆ ತಂದುಕೊಡುತ್ತದೆ. ಝೂಮ್, ಗೂಗಲ್ ಮೀಟ್‌ನಂಥವುಗಳಲ್ಲಿ ನಿಮ್ಮ ಚಿತ್ರ ನಿಮಗೆ ಕಾಣದಂತೆ ಮಾಡುವ ಆಯ್ಕೆಯಿದೆ. ಅದಿಲ್ಲದ ಆ್ಯಪ್‌ನಲ್ಲಿ ಆ ಮೂಲೆಗೊಂದು ಚೀಟಿ ಅಂಟಿಸಿದರೂ ಆಯಿತು.

ಆದರೆ ನಮ್ಮನ್ನು ಕೇಳಿದರೆ, ಮೊದಲ ಕೆಲವು ವಾರ ವಿಡಿಯೊವನ್ನೇ ಬಿಡಿ. ದನಿ ಸಾಕು. ಮುಕ್ಕಾಲು ಗಂಟೆ ಯಾರೂ ಕರೆಯದ ಸಮಯ ಗೊತ್ತುಮಾಡಿಕೊಳ್ಳಿ. ಬಾಗಿಲ ಚಿಲಕ ಹಾಕಿ, ಫೋನನ್ನು ದಿಂಬಿನ ಮೇಲಿಡಿ, ದೀಪ ಆರಿಸಿ, ಕಣ್ಣು ಮುಚ್ಚಿ. ಮೊದಲ ಹದಿನೈದು ನಿಮಿಷ ಸುಮ್ಮನೆ ಹರಟಿ. ಮನೆಖರ್ಚಿನ ಲೆಕ್ಕ, ನೆಂಟರ ಜಗಳ ಆ ಕರೆಯಲ್ಲಿ ಬೇಡ, ಅದಕ್ಕೆ ಬೇರೆ ಕರೆ ಮಾಡಿ. ಬಹಳ ಜನಕ್ಕೆ ಆಸೆ ಮೊದಲು ಬಂದು ಆಮೇಲೆ ಸರಸ ಶುರುವಾಗುವುದಿಲ್ಲ, ಸರಸ ಶುರುವಾದ ಮೇಲೆ ಆಸೆ ಹುಟ್ಟುತ್ತದೆ. ಕರೆ ಕೂಡಿದ ಎರಡನೇ ನಿಮಿಷಕ್ಕೇ ‘ಏನು ಹಾಕಿಕೊಂಡಿದ್ದೀ’ ಎಂದು ಕೇಳುವ ಗಂಡಸರು ಇದನ್ನು ಎರಡು ಸಲ ಓದಲಿ.

ಏನು ಮಾತಾಡುವುದು ಎಂಬುದೇ ಹಲವರ ಕಷ್ಟ. ನೆನಪಿನಿಂದ ಶುರುಮಾಡಿ: ‘ಆ ಮಳೆಯ ರಾತ್ರಿ ನೀವು ನನ್ನ ಕುತ್ತಿಗೆ ಹತ್ತಿರ…’ ಆಗಿಹೋದದ್ದನ್ನು ಹೇಳಲು ನಾಚಿಕೆ ಕಡಿಮೆ, ಇಬ್ಬರ ಕಣ್ಣ ಮುಂದೆಯೂ ಒಂದೇ ಚಿತ್ರ ಬರುತ್ತದೆ. ಅಲ್ಲಿಂದ ಈ ಕ್ಷಣಕ್ಕೆ ಬನ್ನಿ: ಕೈ ಎಲ್ಲಿದೆ, ಮೈ ಹೇಗಿದೆ, ಉಸಿರು ಹೇಗಿದೆ. ಆಮೇಲೆ ಕೇಳಿ: ‘ಇನ್ನೇನು ಮಾಡಲಿ?’ ಆಜ್ಞೆಗಿಂತ ಈ ಪ್ರಶ್ನೆಗೆ ಕಾವು ಹೆಚ್ಚು. ಅಂಗಗಳ ಹೆಸರು ಬಾಯಿಗೆ ಬರುವುದಿಲ್ಲ ಎಂದು ಅನೇಕರು ಬರೆಯುತ್ತಾರೆ. ಪುಸ್ತಕದ ಪದ ತಣ್ಣಗೆನಿಸಿ, ಬೀದಿಯ ಪದ ಒರಟೆನಿಸಿದರೆ ನಿಮ್ಮಿಬ್ಬರಿಗೇ ಗೊತ್ತಿರುವ ಅಡ್ಡಹೆಸರು ಇಟ್ಟುಕೊಳ್ಳಿ. ‘ಸಾಕು’ ಎಂದು ಒಬ್ಬರು ಅಂದರೆ ಇನ್ನೊಬ್ಬರು ಕಾರಣ ಕೇಳದೆ ಅಲ್ಲಿಗೇ ನಿಲ್ಲಿಸಬೇಕು. ಇದನ್ನು ಹಗಲಲ್ಲೇ, ಬಟ್ಟೆ ತೊಟ್ಟಿರುವಾಗಲೇ ಮಾತಾಡಿಕೊಂಡಿರಿ.

ವಿಡಿಯೊಗೆ ಮರಳುವಾಗ ಬೆಳಕು ನೋಡಿಕೊಳ್ಳಿ. ದೀಪ ನಿಮ್ಮ ಬೆನ್ನ ಹಿಂದಿದ್ದರೆ ನೀವು ಕರಿನೆರಳು. ಕತ್ತಲೆಯಲ್ಲಿ ಕ್ಯಾಮೆರಾ ಹೆಚ್ಚು ಬೆಳಕು ಹಿಡಿಯಲು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕೈ ಆಡಿಸಿದರೆ ಮಸುಕು ಗೆರೆಯಾಗುತ್ತದೆ, ಮೈಯ ಮೇಲೆ ಚೌಕಚೌಕ ಮೂಡುತ್ತದೆ. ಹಳದಿ ಬಲ್ಬಿನ ಒಂದು ಚಿಕ್ಕ ದೀಪ ಫೋನಿನ ಪಕ್ಕದಲ್ಲಿ, ಓರೆಯಾಗಿ ನಿಮ್ಮ ಕಡೆ ಇರಲಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಕಣ್ಣಿನ ಮಟ್ಟಕ್ಕೆ ಯಾವುದಕ್ಕಾದರೂ ಒರಗಿಸಿ ಒಂದು ಮಾರು ದೂರದಲ್ಲಿಡಿ. ತೀರ ಹತ್ತಿರವಿದ್ದರೆ ಅಗಲ ಲೆನ್ಸು ಮೂಗನ್ನೋ ಹೊಟ್ಟೆಯನ್ನೋ ಇರುವುದಕ್ಕಿಂತ ದಪ್ಪ ಮಾಡಿ ತೋರಿಸುತ್ತದೆ. ನಿಮ್ಮ ಅರ್ಧ ಬೇಸರ ಈ ಲೆನ್ಸಿನದು. ಪೂರ್ತಿ ಮೈ ತೋರಿಸಲೇಬೇಕೆಂದಿಲ್ಲ. ಹೆಗಲು, ಬೆನ್ನು, ಕೈ ಇಷ್ಟೇ ಇದ್ದರೆ ಉಳಿದದ್ದನ್ನು ಕಲ್ಪನೆ ತುಂಬುತ್ತದೆ.

ಮುಗಿದ ಕೂಡಲೇ ಕರೆ ಕಡಿಯಬೇಡಿ. ಆ ಮೇಲೆ ಬರುವ ಐದು–ಹತ್ತು ನಿಮಿಷದ ಮಾತಿಲ್ಲದೆ ಹೋದರೆ, ಬಳಸಿ ಬಿಟ್ಟರೆಂಬ ಭಾವನೆ ಉಳಿಯುತ್ತದೆ. ಫೋನ್ ಸರಸ ಒಗ್ಗಲಿಲ್ಲ ಎಂದು ಬರೆಯುವವರಲ್ಲಿ ಹಲವರ ದೂರು ನಿಜಕ್ಕೂ ಇದೊಂದೇ.

ಪ್ರಶ್ನೆ: ಪಕ್ಕದ ಕೋಣೆಯಲ್ಲಿ ಜನ ಮಲಗಿರುತ್ತಾರೆ, ಹಾಗಾಗಿ ಪಿಸುಮಾತೇ ಗತಿ. ಆದರೆ ಅವಳಿಗೆ ಅದು ಕೇಳಿಸುವುದೇ ಇಲ್ಲ, ತುಂಡು ತುಂಡಾಗುತ್ತದೆ. ನೆಟ್ ಚೆನ್ನಾಗಿಯೇ ಇದೆ. ಏನು ಮಾಡೋಣ?

ಉತ್ತರ: ನೆಟ್ಟಿನ ತಪ್ಪಲ್ಲ. ಕರೆಯ ಆ್ಯಪ್‌ಗಳು ಹಿನ್ನೆಲೆಯ ಗದ್ದಲ ಅಳಿಸಿಹಾಕುತ್ತವೆ. ಪಿಸುಗುಟ್ಟುವಾಗ ಗಂಟಲ ತಂತುಗಳು ಕಂಪಿಸುವುದಿಲ್ಲ, ಬರುವುದು ಬರೀ ಗಾಳಿಯ ಸದ್ದು. ಆ್ಯಪ್‌ಗೆ ಅದು ಫ್ಯಾನಿನ ಸದ್ದಿನಂತೆಯೇ ಕೇಳಿಸುತ್ತದೆ, ಒರೆಸಿಬಿಡುತ್ತದೆ. ಏದುಸಿರಿಗೂ ಇದೇ ಗತಿ. ಅಂದರೆ ನಿಮಗೆ ಯಾವುದು ಮುಖ್ಯವೋ ಅದನ್ನೇ ಯಂತ್ರ ಕಸವೆಂದು ಗುಡಿಸುತ್ತಿದೆ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಮೀಟ್‌ನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಯ್ಕೆ ಕಂಡರೆ ಆಫ್ ಮಾಡಿ. ಐಫೋನ್‌ನಲ್ಲಾದರೆ ಕರೆ ನಡೆಯುತ್ತಿರುವಾಗ ಮೈಕ್ ಮೋಡ್ ‘ವಾಯ್ಸ್ ಐಸೊಲೇಶನ್’ನಲ್ಲಿದ್ದರೆ ‘ಸ್ಟ್ಯಾಂಡರ್ಡ್’ಗೆ ತನ್ನಿ. ಇಂಥ ಆಯ್ಕೆಯೇ ಇಲ್ಲದಿದ್ದರೆ ಪಿಸುಗುಟ್ಟುವ ಬದಲು ತಗ್ಗಿದ ದನಿಯಲ್ಲಿ, ಗಂಟಲು ಕಂಪಿಸುವಂತೆ, ಮೈಕ್‌ಗೆ ನಾಲ್ಕು ಬೆರಳು ದೂರದಿಂದ ಮಾತಾಡಿ. ತಲೆಯ ಮೇಲೆ ದಪ್ಪ ಹೊದಿಕೆ ಎಳೆದುಕೊಂಡರೆ ಸದ್ದು ಗೋಡೆಯತ್ತ ಅಷ್ಟಾಗಿ ಹೋಗುವುದಿಲ್ಲ.

ಬ್ಲೂಟೂತ್ ಇಯರ್‌ಬಡ್ ತೆಗೆದಿಡಿ, ತಂತಿಯಿರುವ ಇಯರ್‌ಫೋನ್ ಹಾಕಿ. ಹಾಡು ಕೇಳುವಾಗ ಚೆನ್ನಾಗಿರುವ ಬಡ್, ಮೈಕ್ ಕೂಡ ಬಳಕೆಗೆ ಬಂದಾಗ ಸಾಮಾನ್ಯವಾಗಿ ಕಡಿಮೆ ಗುಣಮಟ್ಟದ ಮೋಡ್‌ಗೆ ಇಳಿಯುತ್ತದೆ, ದನಿ ತಗಡಿನಂತಾಗುತ್ತದೆ. ಜೊತೆಗೆ ತಡವೂ ಕೂಡುತ್ತದೆ. ಮಾತು ಆ ಕಡೆ ತಲುಪಲು 150 ಮಿಲಿಸೆಕೆಂಡ್ ಒಳಗಾದರೆ ಸಂಭಾಷಣೆ ಸಲೀಸು, 400 ದಾಟಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ ಎಂಬುದು ದೂರಸಂಪರ್ಕದವರ ಅಂತರರಾಷ್ಟ್ರೀಯ ಅಳತೆ. ವಿಪಿಎನ್ (ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ಸೇವೆ) ಹಾಕಿದ್ದರೆ ಇನ್ನಷ್ಟು ತಡ. ಹಾಗಾದಾಗ ಒಂದು ಸರದಿ ಒಬ್ಬರು ಹೇಳುವುದು, ಇನ್ನೊಬ್ಬರು ಕೇಳುವುದು ಎಂದು ಮಾಡಿಕೊಳ್ಳಿ.

ಸದ್ದೇ ಮಾಡುವಂತಿಲ್ಲದ ರಾತ್ರಿ ಟೈಪ್ ಮಾಡಿ. ಒಂದು ಕೈ ಬೇರೆ ಕಡೆ ಇರುವವರು ‘ಹೂಂ’ ಎಂದಷ್ಟೇ ಟೈಪ್ ಮಾಡಿದರೆ ಅದನ್ನು ನಿರಾಸಕ್ತಿ ಎಂದು ತಿಳಿಯಬೇಡಿ.

ಪ್ರಶ್ನೆ: ಫೋನಿನಲ್ಲಿ ಹೀಗೆ ಮಾಡುವುದರಿಂದ ರೋಗ, ನಿಶ್ಶಕ್ತಿ ಏನಾದರೂ ಬರುತ್ತದೆಯೇ?

ಉತ್ತರ: ಇಲ್ಲ. ಗರ್ಭವೂ ನಿಲ್ಲುವುದಿಲ್ಲ, ಸೋಂಕೂ ತಗಲುವುದಿಲ್ಲ. ಹಸ್ತಮೈಥುನದಿಂದ ನಿಶ್ಶಕ್ತಿ ಬರುತ್ತದೆಂಬುದು ಸುಳ್ಳು. ನಿದ್ದೆಗೆಟ್ಟ ಸುಸ್ತು ಬರಬಹುದು.

ಪ್ರಶ್ನೆ: ಒಂದೇ ಸಲ ನೋಡಬಹುದಾದ ಫೋಟೊ ಕಳಿಸಿದರೆ ಭಯವಿಲ್ಲ ಎನ್ನುತ್ತಾನೆ ನನ್ನ ಗೆಳೆಯ. ನಿಜವೇ? ವಾಟ್ಸ್ಆ್ಯಪ್‌ನಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದಲ್ಲ?

ಉತ್ತರ: ಅರ್ಧ ನಿಜ. ‘ವ್ಯೂ ಒನ್ಸ್’ ಫೋಟೊ ಗ್ಯಾಲರಿಗೆ ಇಳಿಯುವುದಿಲ್ಲ, ಸ್ಕ್ರೀನ್‌ಶಾಟ್‌ಗೂ ತಡೆಯಿದೆ. ಆದರೆ ಇನ್ನೊಂದು ಫೋನಿನಿಂದ ಆ ಪರದೆಯ ಫೋಟೊ ತೆಗೆದರೆ ಯಾವ ಆ್ಯಪ್ಪೂ ತಡೆಯಲಾರದು. ಎನ್‌ಕ್ರಿಪ್ಶನ್ ಅಂದರೆ ನಡುವಿನವರು ಓದಲಾಗದಂತೆ ಗುಪ್ತಲಿಪಿಯಾಗಿಸುವುದು; ಅದು ಕಾಯುವುದು ದಾರಿಯನ್ನು ಮಾತ್ರ. ಎರಡು ತುದಿಗಳಲ್ಲಿರುವ ಫೋನು, ಅದರ ಬ್ಯಾಕಪ್ಪು, ಅದನ್ನು ಹಿಡಿದ ಕೈ ಇವು ಅದರ ಕಾವಲಿಗೆ ಬರುವುದಿಲ್ಲ. ಟೆಲಿಗ್ರಾಂನಲ್ಲಿ ದಾರಿಯೂ ಕೊನೆಯವರೆಗೆ ಭದ್ರವಲ್ಲ: ‘ಸೀಕ್ರೆಟ್ ಚಾಟ್’ ಬಿಟ್ಟು ಉಳಿದ ಚಾಟ್‌ಗಳು ಅವರ ಸರ್ವರ್‌ನಲ್ಲಿ ಉಳಿಯುತ್ತವೆ.

ಸೋರುವ ಜಾಗಗಳು ಬಹುಮಟ್ಟಿಗೆ ಮನೆಯೊಳಗಿನವೇ. ಮಾಮೂಲಿ ಫೋಟೊ ಬಂದ ಕೂಡಲೇ ಗ್ಯಾಲರಿಗೆ ಇಳಿಯುತ್ತದೆ, ಆ ಫೋಲ್ಡರ್‌ಗೆ ಕ್ಲೌಡ್ ಬ್ಯಾಕಪ್ ಹಾಕಿದ್ದರೆ ಮೇಲಕ್ಕೂ ಹೋಗುತ್ತದೆ, ಅದೇ ಅಕೌಂಟ್ ಹಾಕಿದ ಮನೆಯ ಟ್ಯಾಬ್‌ನಲ್ಲೋ ಟಿವಿಯಲ್ಲೋ ಪ್ರತ್ಯಕ್ಷವಾಗುತ್ತದೆ. ಆದ್ದರಿಂದ ಮೊದಲನೆಯದಾಗಿ ವಾಟ್ಸ್ಆ್ಯಪ್ ಚಾಟ್‌ನ ಸೆಟ್ಟಿಂಗ್‌ನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ, ಐಫೋನ್ ಆದರೆ ‘ಸೇವ್ ಟು ಫೋಟೋಸ್’ ನಿಲ್ಲಿಸಿ. ಎರಡನೆಯದು ‘ಲಿಂಕ್ಡ್ ಡಿವೈಸಸ್’ ಪಟ್ಟಿ. ಆಫೀಸಿನ ಕಂಪ್ಯೂಟರ್‌ನಲ್ಲಿ ಎಂದೋ ತೆರೆದ ವಾಟ್ಸ್ಆ್ಯಪ್ ಇನ್ನೂ ಅಲ್ಲಿ ಕೂತಿರಬಹುದು. ಆಫೀಸು ಕೊಟ್ಟ ಲ್ಯಾಪ್‌ಟಾಪ್, ಫೋನ್ ಈ ಕೆಲಸಕ್ಕೆ ಬೇಡವೇ ಬೇಡ. ವಾಟ್ಸ್ಆ್ಯಪ್ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಆಯ್ಕೆ 2021ರಿಂದ ಇದೆ, ನೀವು ಅದನ್ನು ಆನ್ ಮಾಡಿದ್ದೀರಾ ನೋಡಿ. ನೋಟಿಫಿಕೇಶನ್‌ನಲ್ಲಿ ಸಂದೇಶ ಕಾಣದಂತೆ ಮಾಡಿ. ಫೋನ್ ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಹೇಳಬೇಡಿ, ಕೆಲವು ಫೋನ್‌ಗಳಲ್ಲಿ ಇದಕ್ಕೆಂದೇ ರಿಪೇರಿ ಮೋಡ್ ಇದೆ. ಅಳಿಸಿದೆ ಎಂದುಕೊಂಡ ಫೋಟೊ ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನ (ಬ್ಯಾಕಪ್ ಆಗಿರದಿದ್ದರೆ 30), ಐಫೋನ್‌ನಲ್ಲಿ 30 ದಿನ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ.

ಕಳಿಸಲೇಬೇಕೆಂದು ನಿಮಗೇ ಅನಿಸಿದರೆ ಮುಖ, ಮಚ್ಚೆ, ಹಚ್ಚೆ, ತಾಳಿ–ಉಂಗುರ, ಹಿಂದಿನ ಗೋಡೆ, ಕಿಟಕಿಯಾಚೆಯ ನೋಟ ಇವು ಬಾರದಂತೆ ತೆಗೆಯಿರಿ. ಆಮೇಲೆ ಅಳಿಸುವುದಕ್ಕಿಂತ ತೆಗೆಯುವಾಗಲೇ ಬಿಡುವುದು ಸುಲಭ. ಮುಖವನ್ನು ಫೋನಿನ ಪೆನ್ನಿನಿಂದ ಗೀಚಿ ಮುಚ್ಚಬೇಡಿ. ಗೀಚು ತೆಳುವಾಗಿದ್ದರೆ ಬೆಳಕು ಹೆಚ್ಚಿಸಿ ಅಡಿಯಲ್ಲಿರುವುದನ್ನು ಕಾಣಬಹುದು, ಕತ್ತರಿಸಿಯೇ ಬಿಡಿ. ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಡಬೇಡಿ. ಕೊಟ್ಟಿದ್ದರೆ ತೆಗೆದ ಜಾಗ ಫೋಟೊ ಫೈಲಿನೊಳಗೇ ಬರೆದಿರುತ್ತದೆ. ಫೋಟೊ ಎಂದು ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ತೆಗೆದುಹಾಕುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಹಾಗೇ ಹೋಗುತ್ತದೆ.

ಪ್ರಶ್ನೆ: ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎಂದು ಅವರು ದಿನಾ ಕೇಳುತ್ತಾರೆ. ಫೋಟೊ ಕಳಿಸಲು ನನಗೆ ಮನಸ್ಸಿಲ್ಲ. ಸಂಬಂಧ ಕೆಡಬಾರದು.

ಉತ್ತರ: ಕಳಿಸಬೇಡಿ. ಒತ್ತಾಯಕ್ಕೆ ಕೊಟ್ಟದ್ದು ಒಪ್ಪಿಗೆಯಲ್ಲ. ಅವರಿಗೆ ಹೀಗೆ ಹೇಳಿ ನೋಡಿ: ‘ನಿಮ್ಮ ಮೇಲೆ ನಂಬಿಕೆ ಇದೆ, ಫೋನಿನ ಮೇಲಿಲ್ಲ. ಫೋಟೊ ಬಿಟ್ಟು ಏನು ಬೇಕು ಕೇಳಿ.’ ಬದಲಿಗೆ ವಾಯ್ಸ್ ಮೆಸೇಜೋ ಕರೆಯೋ ಒಪ್ಪಿಕೊಂಡರೆ ಸರಿಹೋಯಿತು. ಹತ್ತು ಸಲ ಬೇಡವೆಂದ ಮೇಲೂ ಹನ್ನೊಂದನೇ ಸಲ ಕೇಳಿದರೆ, ಮುನಿಸಿಕೊಂಡು ಮಾತು ಬಿಟ್ಟು ದಂಡಿಸಿದರೆ, ಅದು ಸರಸದ ಪ್ರಶ್ನೆಯೇ ಅಲ್ಲ. ಕೇಳದೆ ತಾವೇ ಕಳಿಸುವ ಗಂಡಸರಿಗೂ ಒಂದು ಮಾತು: ‘ಈಗ ಕಳಿಸಲಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ?’ ಎಂದು ಪ್ರತಿಸಲವೂ ಕೇಳಿ. ನಿನ್ನೆಯ ಹೂಂ ಇವತ್ತಿಗೆ ನಡೆಯುವುದಿಲ್ಲ.

ಪ್ರಶ್ನೆ: ಆ್ಯಪ್‌ನಿಂದ ದೂರದಲ್ಲೇ ನಿಯಂತ್ರಿಸುವ ವೈಬ್ರೇಟರ್ ತಂದಿದ್ದೇವೆ. ಹೆಂಡತಿ ಆ ಕಡೆ, ನಾನು ಈ ಕಡೆ. ನಡುನಡುವೆ ಸಂಪರ್ಕ ಕಡಿದುಹೋಗಿ ಎಲ್ಲ ಕೆಡುತ್ತದೆ. ಹ್ಯಾಕ್ ಆಗುವ ಭಯವೂ ಇದೆ.

ಉತ್ತರ: ನಿಮ್ಮ ಬೆರಳಿನ ಅಪ್ಪಣೆ ನಿಮ್ಮ ಫೋನಿನಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ನಿಮ್ಮ ಹೆಂಡತಿಯ ಫೋನಿಗೆ, ಫೋನಿನಿಂದ ಬ್ಲೂಟೂತ್ ಮೂಲಕ ಸಾಧನಕ್ಕೆ ಹೋಗುತ್ತದೆ. ಇದರಲ್ಲಿ ಹೆಚ್ಚಾಗಿ ಕಡಿಯುವುದು ಕೊನೆಯ ಗೇಣು ದೂರವೇ. ಬ್ಲೂಟೂತ್ ಅಲೆ 2.4 ಗಿಗಾಹರ್ಟ್ಸ್‌ನದು, ನೀರು ಅದನ್ನು ಹೀರುತ್ತದೆ, ಮನುಷ್ಯನ ಮೈಯಲ್ಲಿ ಹೆಚ್ಚು ಪಾಲು ನೀರೇ. ಬಯಲಲ್ಲಿ ಹತ್ತು ಮೀಟರ್ ಸಿಗುವ ಸಂಪರ್ಕ ಸಾಧನ ಮೈಯೊಳಗಿದ್ದಾಗ ಒಂದು ಮೀಟರ್‌ಗೇ ತಡವರಿಸುತ್ತದೆ. ಅವರು ಫೋನನ್ನು ತಲೆದಿಂಬಿನ ಹತ್ತಿರ ಬಿಟ್ಟು ತೊಡೆಯ ಬಳಿ, ಸಾಧನಕ್ಕೆ ಎದುರಾಗಿ ಇಟ್ಟುಕೊಳ್ಳಲಿ. ಆಂಡ್ರಾಯ್ಡ್ ಆದರೆ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ. ಇಲ್ಲವಾದರೆ ವಿಡಿಯೊ ಕಾಲ್ ಮುಂದೆ ಬಂದ ಕೂಡಲೇ ಫೋನು ಹಿಂದಿರುವ ಆ್ಯಪನ್ನು ಮಲಗಿಸಿಬಿಡುತ್ತದೆ. ಆ್ಯಪ್‌ಗೊಂದು ಫೋನು, ಮಾತಿಗೊಂದು ಫೋನು ಇದ್ದರೆ ಇನ್ನೂ ಒಳ್ಳೆಯದು. ಅಪ್ಪಣೆ ತಲುಪಲು ಒಂದೆರಡು ಸೆಕೆಂಡ್ ಹಿಡಿಯಬಹುದು, ಆದ್ದರಿಂದ ಕ್ಷಣಕ್ಕೊಮ್ಮೆ ವೇಗ ಬದಲಿಸಬೇಡಿ. ಒಂದು ಲಯವನ್ನು ಅರ್ಧ ನಿಮಿಷವಾದರೂ ಹಾಗೇ ಇಡಿ, ಹೇಗಿದೆ ಎಂದು ಕೇಳಿ, ಆಮೇಲೆ ಏರಿಸಿ. ಸುಖದ ತುದಿ ಹತ್ತಿರವಾದಾಗ ಏನನ್ನೂ ಬದಲಿಸದಿರುವುದು ಜಾಣತನ. ಉತ್ಸಾಹದಲ್ಲಿ ಗಂಡಸರು ಎಡವುವುದು ಇಲ್ಲೇ.

ಭಯ ಆಧಾರವಿಲ್ಲದ್ದಲ್ಲ. ವಿ-ವೈಬ್ ಸಾಧನಗಳ ಆ್ಯಪ್ ಬಳಸುವವರಿಗೆ ತಿಳಿಸದೆ ಕಂಪನದ ತೀವ್ರತೆ, ತಾಪಮಾನದಂಥ ವಿವರ ಕಲೆಹಾಕುತ್ತಿತ್ತೆಂದು 2016ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. 2017ರಲ್ಲಿ ಕಂಪನಿ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು. ನೀವು ಮಾಡಬೇಕಾದದ್ದಿಷ್ಟು: ನಿಜವಾದ ಹೆಸರಿಲ್ಲದ ಬೇರೊಂದು ಇಮೇಲ್‌ನಿಂದ ಅಕೌಂಟ್ ತೆರೆಯಿರಿ, ಕಾಂಟ್ಯಾಕ್ಟ್ಸ್ ಮತ್ತು ಫೋಟೊ ಅನುಮತಿ ಕೊಡಬೇಡಿ. ಮೈಕ್ ಅನುಮತಿ ದನಿಗೆ ತಕ್ಕಂತೆ ಕಂಪಿಸುವ ಆಯ್ಕೆ ಬಳಸುವಾಗ ಮಾತ್ರ. ನಿಯಂತ್ರಣದ ಲಿಂಕ್ ಕಳಿಸಿದರೆ ಅವಧಿ ಇಡಿ, ಅದು ಯಾರ ಕೈಗೆ ಸಿಕ್ಕಿದರೂ ನಿಯಂತ್ರಣ ಅವರದಾಗಬಹುದು. ಪಾಸ್‌ವರ್ಡ್ ಕೇಳದೆ ಹತ್ತಿರದ ಯಾವ ಫೋನಿಗೂ ಜೋಡಿಯಾಗುವ ಸಾಧನಗಳೂ ಇವೆ, ಮುಗಿದ ಮೇಲೆ ಪೂರ್ತಿ ಆಫ್ ಮಾಡಿ.

ಮೈಗೆ ಸಂಬಂಧಿಸಿದ್ದು: ಸಿಲಿಕೋನ್ ಸಾಧನಕ್ಕೆ ನೀರು ಆಧಾರಿತ ಜೆಲ್ ಹಚ್ಚಿ, ಸಿಲಿಕೋನ್ ಜೆಲ್ ಅದರ ಮೈಯನ್ನೇ ಅಂಟಂಟು ಮಾಡಬಹುದು. ಬಳಸುವ ಮೊದಲೂ ಆಮೇಲೂ ಬೆಚ್ಚಗಿನ ನೀರು, ಸುವಾಸನೆಯಿಲ್ಲದ ಸೋಪಿನಿಂದ ತೊಳೆದು ಒಣಗಿಸಿ. ಅಗಲವಾದ ಬುಡವಿಲ್ಲದ ಯಾವುದನ್ನೂ ಗುದದ್ವಾರದಲ್ಲಿ ಬಳಸಬಾರದು, ಒಳಗೆ ಜಾರಿಹೋದರೆ ಆಸ್ಪತ್ರೆಯೇ ದಾರಿ. ಬಹಳ ಹೊತ್ತು ಬಳಸಿ ಜೋಮು ಹಿಡಿದರೆ ನಿಲ್ಲಿಸಿ, ಅದು ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಪರಿಚಯವಾದ ಹುಡುಗಿ ವಿಡಿಯೊ ಕಾಲ್ ಮಾಡಿ ಬಟ್ಟೆ ತೆಗೆದಳು, ನಾನೂ ತೆಗೆದೆ. ಎರಡು ನಿಮಿಷದಲ್ಲಿ ರೆಕಾರ್ಡಿಂಗ್ ಕಳಿಸಿ, ನನ್ನ ಸ್ನೇಹಿತರ ಪಟ್ಟಿ ತೋರಿಸಿ, ದುಡ್ಡು ಕೇಳುತ್ತಿದ್ದಾರೆ. ಮರ್ಯಾದೆ ಹೋದರೆ ಬದುಕುವುದು ಹೇಗೆ?

ಉತ್ತರ: ಮೊದಲು ಉಸಿರು ತೆಗೆದುಕೊಳ್ಳಿ. ಇದು ಹುಡುಗಿಯಲ್ಲ, ಒಂದು ದಂಧೆ. ನೀವು ನೋಡಿದ್ದು ಮೊದಲೇ ಮುದ್ರಿಸಿಟ್ಟ ವಿಡಿಯೊ ಆಗಿರುವ ಸಾಧ್ಯತೆ ಹೆಚ್ಚು. ಇಂಥವರು ಒಂದೇ ದಿನ ಹಲವರಿಗೆ ಬಲೆ ಬೀಸುತ್ತಾರೆ, ಬೇಗ ಹೆದರಿ ಕೊಡುವವರ ಬೆನ್ನು ಹತ್ತುತ್ತಾರೆ.

ದುಡ್ಡು ಕೊಡಬೇಡಿ. ಕೊಟ್ಟರೆ ವಿಡಿಯೊ ಅಳಿಯುವುದಿಲ್ಲ, ನೀವು ಕೊಡುವ ಆಸಾಮಿ ಎಂಬುದು ಖಚಿತವಾಗಿ ಮತ್ತೆ ಕೇಳುತ್ತಾರೆ. ಈಗಾಗಲೇ ಒಂದಿಷ್ಟು ಕೊಟ್ಟಿದ್ದರೂ ಇಲ್ಲಿಗೆ ನಿಲ್ಲಿಸಿ, ಬ್ಯಾಂಕಿಗೆ ಕೂಡಲೇ ತಿಳಿಸಿ. ಬ್ಲಾಕ್ ಮಾಡುವ ಮೊದಲು ಸಾಕ್ಷ್ಯ ಹಿಡಿದಿಡಿ: ಚಾಟ್‌ನ ಸ್ಕ್ರೀನ್‌ಶಾಟ್, ಅವರ ಫೋನ್ ನಂಬರ್, ಪ್ರೊಫೈಲ್‌ನ ಲಿಂಕ್ (ಹೆಸರನ್ನು ಬದಲಿಸಿಬಿಡುತ್ತಾರೆ, ಲಿಂಕ್ ಮುಖ್ಯ), ಹಣ ಹಾಕಲು ಹೇಳಿದ ಖಾತೆ, ದಿನ–ಹೊತ್ತು. ಆಮೇಲೆ ಉತ್ತರ ಕೊಡದೆ ಬ್ಲಾಕ್ ಮಾಡಿ, ಆ ಆ್ಯಪ್‌ಗೆ ರಿಪೋರ್ಟ್ ಮಾಡಿ, ಸೈಬರ್ ಪೊಲೀಸರಿಗೆ ದೂರು ಕೊಡಿ. ನಿಮ್ಮ ಅಕೌಂಟ್ ಅಳಿಸಬೇಡಿ, ಸಾಕ್ಷ್ಯವೂ ಹೋಗುತ್ತದೆ. ಸ್ನೇಹಿತರ ಪಟ್ಟಿ ಯಾರಿಗೂ ಕಾಣದಂತೆ ಮಾಡಿ. ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡು ಬೇರೆ ನಂಬರಿನಿಂದ ಕರೆ ಬಂದು ‘ಕೇಸು ಮುಚ್ಚಲು’ ದುಡ್ಡು ಕೇಳಿದರೆ ಅದೂ ಅದೇ ಗುಂಪಿನ ಎರಡನೇ ಆಟ.

ಆ ವಿಡಿಯೊ ನಿಮ್ಮ ಹತ್ತಿರವಿದ್ದರೆ ‘ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್’ ತಾಣ ಬಳಸಿ. 2021ರಿಂದ ನಡೆಯುತ್ತಿರುವ ಇದು 18 ದಾಟಿದವರಿಗೆ. ವಿಡಿಯೊ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಬೆರಳಚ್ಚಿನಂಥ ಅಂಕಿಸಾಲು ಮಾತ್ರ ಹೊರಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಪಾಲ್ಗೊಂಡ ಕಂಪನಿಗಳು ಅದಕ್ಕೆ ಹೊಂದುವ ವಿಡಿಯೊ ಬಂದರೆ ತಡೆಯುತ್ತವೆ. ಎನ್‌ಕ್ರಿಪ್ಟ್ ಆದ ಖಾಸಗಿ ಚಾಟ್‌ಗಳಲ್ಲಿ ಇದು ನಡೆಯುವುದಿಲ್ಲ. ಚಿತ್ರದಲ್ಲಿರುವವರು ತೆಗೆದಾಗ 18ರೊಳಗಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಸೇವೆಯಿದೆ. ಆ ವಯಸ್ಸಿನವರ ಇಂಥ ಚಿತ್ರ ಇಟ್ಟುಕೊಳ್ಳುವುದೇ ಬಹುತೇಕ ದೇಶಗಳಲ್ಲಿ ಅಪರಾಧ. ಸಹಾಯ ಮಾಡುವ ನೆಪದಲ್ಲೂ ಯಾರೂ ಅದನ್ನು ಮುಂದಕ್ಕೆ ಕಳಿಸಕೂಡದು.

ಬದುಕುವುದು ಹೇಗೆ ಎಂದು ಕೇಳಿದ್ದೀರಿ. ಇವತ್ತೇ, ಈ ರಾತ್ರಿಯೊಳಗೆ, ನಂಬಿಕೆಯ ಒಬ್ಬರಿಗೆ ಎಲ್ಲ ಹೇಳಿ: ಅಣ್ಣ, ಗೆಳೆಯ, ಹೆಂಡತಿ, ಯಾರಾದರೂ. ಗುಟ್ಟು ಒಬ್ಬರಿಗೆ ತಿಳಿದ ಕ್ಷಣ ಬೆದರಿಕೆಯ ಹಲ್ಲು ಮುರಿಯುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ, ಕೂಡಲೇ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಇದಕ್ಕೆ ಸಿಕ್ಕಿ ಹೊರಬಂದು ನೆಟ್ಟಗೆ ಬದುಕುತ್ತಿರುವವರು ಬೇಕಾದಷ್ಟು ಜನ.

ಪ್ರಶ್ನೆ: ಡಾಕ್ಟರೇ, ಎಂಟು ತಿಂಗಳು ಫೋನಿನಲ್ಲಿ ಎಲ್ಲ ಚೆನ್ನಾಗಿತ್ತು. ಈಗ ಅವರು ಮನೆಗೆ ಬಂದಿದ್ದಾರೆ. ಕೂಡಿದರೆ ಎಷ್ಟು ಹೊತ್ತಾದರೂ ಅವರಿಗೆ ಸ್ಖಲನವಾಗುವುದಿಲ್ಲ. ಕೈಯಿಂದಾದರೆ ಆಗುತ್ತದೆ. ನಾನು ಬೇಡವಾದೆನೇ?

ಉತ್ತರ: ಬೇಡವಾಗಿಲ್ಲ. ಎಂಟು ತಿಂಗಳು ಅವರ ಮೈ ಒಂದೇ ಬಗೆಯ ಸ್ಪರ್ಶಕ್ಕೆ ಒಗ್ಗಿದೆ: ತಮ್ಮದೇ ಕೈ, ಬಿಗಿ ಹಿಡಿತ, ವೇಗ. ಯೋನಿಯ ಒತ್ತಡ ಅದಕ್ಕಿಂತ ಮೃದು, ಹಾಗಾಗಿ ಸಾಲದೆನಿಸುತ್ತದೆ. ಕೈಯಿಂದ ಆಗುತ್ತದೆ ಎಂದರೆ ನರಗಳು ಸರಿಯಾಗಿಯೇ ಇವೆ ಎಂದು ಬಹುಮಟ್ಟಿಗೆ ಹೇಳಬಹುದು. ಎರಡು ವಾರ ಅವರು ಒಬ್ಬರೇ ಮಾಡಿಕೊಳ್ಳುವುದನ್ನು ನಿಲ್ಲಿಸಲಿ. ಆಮೇಲೆ ಮಾಡಿದರೂ ಇನ್ನೊಂದು ಕೈಯಲ್ಲಿ, ಜೆಲ್ ಹಚ್ಚಿ, ಸಡಿಲ ಹಿಡಿತದಲ್ಲಿ, ನಿಧಾನವಾಗಿ. ಕೂಡುವಾಗ ಶುರುವಿಗೆ ನಿಮ್ಮ ಕೈ, ಅವರ ಕೈ ಎರಡೂ ಇರಲಿ. ತುದಿ ಹತ್ತಿರವಾದಾಗ ಒಳಗೆ ಬರಲಿ, ಆಗದಿದ್ದರೆ ಮತ್ತೆ ಕೈಗೆ ಮರಳಿ. ಫೋನಿನಲ್ಲಿ ಆಡುತ್ತಿದ್ದ ಮಾತುಗಳನ್ನು ಹಾಸಿಗೆಯಲ್ಲೂ ಆಡಿ. ಎದುರಿಗಿದ್ದಾಗ ಮೂಕರಾಗುವ ಜೋಡಿಗಳು ಬಹಳ, ಅವರ ಉದ್ರೇಕದ ಅರ್ಧ ಆ ಮಾತಿನಲ್ಲೇ ಇದ್ದಿರಬಹುದು. ‘ಇನ್ನೂ ಆಗಲಿಲ್ಲವೇ’ ಎಂದು ಮಾತ್ರ ಕೇಳಬೇಡಿ. ಒಂದೆರಡು ತಿಂಗಳು ಹಿಡಿಯಬಹುದು.

ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸ್ಖಲನ ತಡವಾಗುವುದು ಆ ಮಾತ್ರೆಯಿಂದಲೂ ಇರಬಹುದು. ತಾವೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರನ್ನು ಕೇಳಲಿ. ಬೆಳಗಿನ ನಿಮಿರುವಿಕೆಯೂ ನಿಂತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮುಟ್ಟಿದ್ದು ತಿಳಿಯುವುದು ಕಡಿಮೆಯಾಗಿದ್ದರೆ, ಅಥವಾ ಕೈಯಿಂದಲೂ ಆಗದಿದ್ದರೆ ಕಾಯದೆ ಮೂತ್ರರೋಗ ತಜ್ಞರಿಗೆ ತೋರಿಸಿ.